ನ್ಯೂಟ್ರಾನನ್ನು ಮರೆತ ಲೆಕ್ಕ

ಪರಮಾಣುವಿನ ತುಂಬ ವಿದ್ಯುದಾವೇಶವೇ ಇರುವಾಗ, ವಸ್ತುವೆಲ್ಲ ಮೂಲದಲ್ಲಿ ವಿದ್ಯುತ್ಕಾಂತೀಯವೇ ಅಲ್ಲವೇ? – ಸಾಗರದ ಓದುಗರು

ಎಷ್ಟು ಸಲ ಕೇಳುತ್ತೀರಿ! ಅರ್ಧ ನಿಜ, ತೊಂದರೆ ಕೊಡುವುದೂ ಆ ಅರ್ಧವೇ.

ಮೆಟ್ಟುಗತ್ತಿಗೆ ಅಡಿಕೆ ಒತ್ತಿದಾಗ ಸಿಪ್ಪೆ ಬಿಡುತ್ತದಲ್ಲ, ಅಲ್ಲಿ ಕಡಿಯುವುದು ಅಣುಗಳ ನಡುವಿನ ನಂಟು. ಅದು ವಿದ್ಯುತ್ಕಾಂತ ಬಲವೇ. ಅಡಿಕೆಯ ಬಣ್ಣ, ಚೊಗರು, ಬೇಯಿಸುವ ಒಲೆಯ ಉರಿ ಎಲ್ಲವೂ ಅದೇ ಲೆಕ್ಕಕ್ಕೆ. ಆದರೆ ಅಡಿಕೆ ಕುಸಿಯದೆ ಗಟ್ಟಿಯಾಗಿ ನಿಲ್ಲಲು ಆವೇಶವೊಂದೇ ಸಾಲದು. ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರಲಾರವು ಎಂಬ ಪೌಲಿ ನಿಯಮವೂ ಬೇಕು. ಈ ನಿಯಮ ಸೇರಿದರೆ ವಸ್ತು ಸ್ಥಿರವಾಗಿರುತ್ತದೆಂದು 1967ರಲ್ಲಿ ಡೈಸನ್ ಮತ್ತು ಲೆನಾರ್ಡ್ ಎಂಬ ಭೌತವಿಜ್ಞಾನಿಗಳು ಗಣಿತದಿಂದ ಸಾಧಿಸಿದರು.

ಇನ್ನು ತೂಕ. 1 ಕಿಲೋ ಅಡಿಕೆಯಲ್ಲಿ ಎಲೆಕ್ಟ್ರಾನ್‌ಗಳ ಪಾಲು ಸುಮಾರು 0.3 ಗ್ರಾಂ. ಪರಮಾಣುವಿನ ನಡುವಿರುವ ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗಿನ ಕಣಗಳಾದ ಕ್ವಾರ್ಕ್‌ಗಳ ಸ್ವಂತ ತೂಕ ಕೂಡಿಸಿದರೂ 10 ಗ್ರಾಂ ಆಸುಪಾಸು. ಮಿಕ್ಕಿದ್ದು ಹೆಚ್ಚುಕಡಿಮೆ ಪೂರ್ತಿ, ಕ್ವಾರ್ಕ್‌ಗಳನ್ನು ಪ್ರೋಟಾನ್, ನ್ಯೂಟ್ರಾನ್ ಒಳಗೆ ಕೂಡಿಹಾಕಿರುವ ಪ್ರಬಲ ಬಲದ ಶಕ್ತಿ. ಮಂಡಿಯಲ್ಲಿ ನಿಮಗೆ ದುಡ್ಡು ಸಿಗುವುದು ಅದರ ತೂಕಕ್ಕೆ!

ಕಣಗಳ ತೂಕ ಹೇಳುವ ಅಳತೆಯಲ್ಲಿ ಪ್ರೋಟಾನ್ 938.3 ಮೆಗಾ ಎಲೆಕ್ಟ್ರಾನ್‌ವೋಲ್ಟ್, ಆವೇಶವೇ ಇಲ್ಲದ ನ್ಯೂಟ್ರಾನ್ 939.6. ತೂಕವೆಲ್ಲ ಆವೇಶದಿಂದಲೇ ಬಂದಿದ್ದರೆ ಆವೇಶವಿರುವ ಪ್ರೋಟಾನೇ ಭಾರವಾಗಬೇಕಿತ್ತು. ಆಗಿರುವುದು ಉಲ್ಟಾ: ಇವುಗಳೊಳಗಿನ ಕ್ವಾರ್ಕ್‌ಗಳಲ್ಲಿ ಅಪ್, ಡೌನ್ ಎಂದು ಎರಡು ಬಗೆ; ಡೌನ್ ಅಪ್‌ಗಿಂತ ಭಾರ, ಪ್ರೋಟಾನಿನಲ್ಲಿ ಡೌನ್ ಒಂದೇ, ನ್ಯೂಟ್ರಾನಿನಲ್ಲಿ ಎರಡಿವೆ. ಕ್ವಾರ್ಕ್‌ಗಳಿಗೂ ಆವೇಶವಿದೆಯಲ್ಲ ಎನ್ನಬೇಡಿ. ಆವೇಶ ಇರುವುದು ಬೇರೆ, ಆವೇಶದಿಂದಲೇ ಆಗಿರುವುದು ಬೇರೆ. 1900ರ ಆಸುಪಾಸಿನಲ್ಲಿ ಭೌತವಿಜ್ಞಾನಿಗಳಾದ ವೀನ್, ಅಬ್ರಹಾಂ ಅವರೂ ನಿಮ್ಮಂತೆಯೇ ಯೋಚಿಸಿದ್ದರು. ಆಗಿನ್ನೂ ನ್ಯೂಟ್ರಾನ್ ಸಿಕ್ಕಿರಲಿಲ್ಲ, ಅದು ಸಿಕ್ಕಿದ್ದು 1932ರಲ್ಲಿ. ಇವತ್ತು ಯೂಟ್ಯೂಬ್‌ನಲ್ಲಿ ಅದನ್ನೇ ಹೊಸ ವಿಜ್ಞಾನವೆಂದು ಮಾರುವವರಿಗೆ ಆ ನೆಪ ಇಲ್ಲ.

ಅಯಸ್ಕಾಂತದ ಬಳೆ ರಕ್ತದ ಕಬ್ಬಿಣವನ್ನು ಎಳೆದು ಮೊಣಕಾಲು ನೋವು ಕಳೆಯುತ್ತದೆಯೇ? – ತೀರ್ಥಹಳ್ಳಿಯಿಂದ

ಇಲ್ಲ. ಹಿಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ. 1.5 ಟೆಸ್ಲಾದಷ್ಟು ಬಲವಾದ ಅಯಸ್ಕಾಂತವಿರುವ ಎಂಆರ್‌ಐ ಸ್ಕ್ಯಾನ್ ಯಂತ್ರದೊಳಗೂ ರಕ್ತ ಒಂದು ಕಡೆ ಹೋಗಿ ಅಂಟಿಕೊಳ್ಳದು. ಪೇಸ್‌ಮೇಕರ್ ಇದ್ದವರಂತೂ ಆ ಬಳೆಯನ್ನು ಎದೆಯಿಂದ ಒಂದು ಗೇಣಾದರೂ ದೂರ ಇಡಿ.

ಜೋಗದ ನೀರು ಬೀಳುವುದೂ ವಿದ್ಯುತ್ಕಾಂತದಿಂದಲೇ? – ಹೊಸನಗರದಿಂದ

ಗುರುತ್ವದಿಂದ. ಆವೇಶವೇ ಇಲ್ಲದ ನ್ಯೂಟ್ರಾನೂ ಬೀಳುತ್ತದೆ, ಅಳೆದು ನೋಡಿದ್ದಾರೆ.