ಹುರುಳಿಕಾಯಿ ತುಕ್ಕು: ತಡೆ ತಳಿಯಲ್ಲೇ ಇರಲಿ
ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಾಲೂರಿನ ಕಡೆ ಅರ್ಧ ಎಕರೆ ಬೀನ್ಸ್ ಹಾಕುತ್ತೇವೆ. ಅರ್ಕಾ ಕೋಮಲ್ ಕಾಯಿಗೆ ನಮ್ಮಲ್ಲಿ ಗಿರಾಕಿ ಇದೆ. ಆದರೆ ಇಬ್ಬನಿ ಶುರುವಾದರೆ ಸಾಕು, ತುಕ್ಕು ರೋಗ ಹತ್ತಿ ಎಲೆಯೆಲ್ಲ ಉದುರುತ್ತದೆ. ತುಕ್ಕು ತಡೆಯುವ ತಳಿಯೊಂದಿಗೆ ನಾವೇ ಸಂಕರ ಮಾಡಿ ಬೀಜ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಆದರೆ ಅಂಥದೊಂದು ಸಂಕರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆಗಲೇ ಮಾಡಿ ಮುಗಿಸಿದೆ. ತುಕ್ಕು ತಡೆಯುವ ಅರ್ಕಾ ಬೋಲ್ಡ್ ಮತ್ತು ನಿಮ್ಮದೇ ಅರ್ಕಾ ಕೋಮಲ್ ಸೇರಿಸಿ, ಅದರ ಸಂತತಿಯಲ್ಲಿ ಆರಿಸಿ ತೆಗೆದದ್ದು ಅರ್ಕಾ ಅನೂಪ್. ತುಕ್ಕಿನ ಜೊತೆ ದುಂಡಾಣು ಅಂಗಮಾರಿಯನ್ನೂ ಅದು ತಡೆಯುತ್ತದೆ. ಮೊದಲು ನಾಲ್ಕು ಸಾಲು ಅನೂಪ್ ಹಾಕಿ, ಕಾಯಿಯನ್ನು ಮಂಡಿಯವರಿಗೆ ತೋರಿಸಿ. ಅವರು ಒಪ್ಪಿದರೆ ಏಳೆಂಟು ಬೆಳೆಯ ಕೆಲಸ ಉಳಿಯಿತು.

ಸ್ವಂತ ಸಂಕರವೇ ಬೇಕೆಂದರೆ ಕೋಮಲ್ ಹೆಣ್ಣಾಗಲಿ, ತುಕ್ಕು ತಡೆಯುವುದು ಗಂಡಾಗಲಿ. ಹುರುಳಿಕಾಯಿ ಹೂವು ಅರಳುವ ಹೊತ್ತಿಗೆ ಒಳಗೊಳಗೇ ಪರಾಗಸ್ಪರ್ಶ ಮುಗಿಸಿಕೊಂಡಿರುತ್ತದೆ. ಹಾಗಾಗಿ ನಾಳೆ ಅರಳುವ ಮೊಗ್ಗನ್ನು ಇಂದೇ ಹಿಡಿಯಬೇಕು: ಉಬ್ಬಿರಬೇಕು, ದಳದ ಬಣ್ಣ ಕಾಣಬೇಕು, ಬಾಯಿ ಬಿಟ್ಟಿರಬಾರದು. ಮೊಗ್ಗನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಮೇಲಿನ ಅಗಲ ದಳವನ್ನು ಚಿಮಟದ ತುದಿಯಿಂದ ಸೀಳದಂತೆ ಬಿಡಿಸಿ, ಪಕ್ಕದ ದಳಗಳನ್ನು ಕೆಳಕ್ಕೆ ಒತ್ತಿ. ಒಳದಳ ಶಂಖದಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಅದರ ಬದಿಯನ್ನು ಮೆಲ್ಲಗೆ ಹರಿದರೆ ಹತ್ತು ಪರಾಗಕೋಶಗಳು ಸಿಗುತ್ತವೆ, ಹತ್ತನ್ನೂ ಕೀಳಿ. ಒಂದಾದರೂ ಒಡೆದು ಹಳದಿ ಪುಡಿ ಉದುರಿದ್ದರೆ ಆ ಮೊಗ್ಗು ಕೆಲಸಕ್ಕೆ ಬಾರದು, ಕಿತ್ತು ಬಿಸಾಡಿ.

ಈಗ ಗಂಡು ತಳಿಯಲ್ಲಿ ಆಗಷ್ಟೇ ಅರಳಿದ ಹೂವು ತನ್ನಿ. ಅದರ ಪಕ್ಕದ ದಳ ಒತ್ತಿದರೆ ಪರಾಗ ಮೆತ್ತಿಕೊಂಡ ಶಲಾಕೆಯ (ಹೂವಿನ ನಡುವಿನ ಹೆಣ್ಣು ಕಡ್ಡಿಯ) ತುದಿ ತಾನಾಗಿ ಹೊರಬರುತ್ತದೆ. ಅದನ್ನು ಮುರಿದು ಹೆಣ್ಣು ಹೂವಿನ ಶಲಾಕೆಗೆ ಕೊಕ್ಕೆಯಂತೆ ಸಿಕ್ಕಿಸಿ ಬಿಡಿ, ಅಗಲ ದಳವನ್ನು ಮತ್ತೆ ಮುಚ್ಚಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಇನ್ನೊಂದು ಹೂವಿಗೆ ಹೋಗುವ ಮುಂಚೆ ಚಿಮಟವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಣಗಿಸಿ.

ಬಹಳ ಜನ ಸೋಲುವುದು ಇದರ ಮುಂದೆ. ಅದೇ ಗಿಡದಲ್ಲಿ ತಾನಾಗಿ ಕಚ್ಚಿದ ಕಾಯಿಗಳನ್ನು ಬಿಟ್ಟರೆ ಗಿಡ ಅವಕ್ಕೇ ಊಟ ಹಾಕಿ, ಸಂಕರದ ಎಳೆಕಾಯಿಯನ್ನು ಉದುರಿಸುತ್ತದೆ. ದಾರ ಕಟ್ಟಿದವನ್ನು ಬಿಟ್ಟು ಉಳಿದ ಹೂವು, ಕಾಯಿ ದಿನವೂ ತೆಗೆಯುತ್ತಿರಿ. ಬಿಸಿಲು 30 ಡಿಗ್ರಿ ದಾಟುವ ದಿನಗಳಲ್ಲಿ ಸಂಕರಕ್ಕೆ ಕೈ ಹಾಕದಿರುವುದೇ ಲೇಸು.

ಪ್ರಶ್ನೆ: ನಾನು ಧಾರವಾಡದಲ್ಲಿ ಕೃಷಿ ಸ್ನಾತಕೋತ್ತರ ವಿದ್ಯಾರ್ಥಿ. ಸಂಕರದ ಎರಡನೇ ಪೀಳಿಗೆಯ (ಎಫ್-2) ಸಸಿಗಳಿಗೆ ತುಕ್ಕಿನ ಬೀಜಕಣ ಸಿಂಪಡಿಸಿದೆ. ನಿರೋಧಕ ಮೂರಕ್ಕೆ ರೋಗದ್ದು ಒಂದು ಎಂಬ ಅನುಪಾತ ಬರಲಿಲ್ಲ, ರೋಗ ಬರಬೇಕಾದ ಸಸಿಗಳೂ ಪಾರಾದವು. ಎಲ್ಲಿ ತಪ್ಪಿರಬಹುದು? ಎಷ್ಟು ಸಸಿ ಇಟ್ಟುಕೊಂಡರೆ ಸಾಕು?

ಉತ್ತರ: ಮೊದಲ ಅನುಮಾನ ಎಲೆಯ ವಯಸ್ಸಿನ ಮೇಲೆ. ಸಿಂಪಡಿಸಬೇಕಾದದ್ದು ಬಿತ್ತಿ ಒಂದು ವಾರದ ಸಸಿಯ ಮೊದಲ ಜೋಡಿ ಎಲೆಗಳಿಗೆ, ಅವು ಪೂರ್ತಿ ಬಿಚ್ಚಿಕೊಳ್ಳುವ ಮುಂಚೆ, ಸುಮಾರು ಮೂರನೇ ಎರಡರಷ್ಟು ಅಗಲವಾಗಿದ್ದಾಗ. ಎಲೆ ಬಲಿತ ಮೇಲೆ ಸಿಂಪಡಿಸಿದರೆ ಗುಳ್ಳೆ ಸಣ್ಣದಾಗುತ್ತದೆ, ಕಡಿಮೆಯೂ ಆಗುತ್ತದೆ. ಆಗ ರೋಗಕ್ಕೆ ತುತ್ತಾಗುವ ಗಿಡವೂ ನಿರೋಧಕದಂತೆ ಕಾಣುತ್ತದೆ.

ಎರಡನೆಯದು ದ್ರಾವಣ. ತುಕ್ಕಿನ ಪುಡಿಗೆ ನೀರು ಹತ್ತುವುದಿಲ್ಲ, ಮೇಲೆಯೇ ತೇಲುತ್ತದೆ. ಲೀಟರ್ ನೀರಿಗೆ 0.4 ಮಿ.ಲೀ. ಟ್ವೀನ್-20 ಎಂಬ ಹರಡುವ ದ್ರವ ಬೆರೆಸಿದರೆ ಸರಿಯಾಗಿ ಹರಡುತ್ತದೆ. ಎಣಿಕೆ ಗಾಜಿನಲ್ಲಿ (ಹೀಮೋಸೈಟೋಮೀಟರ್) ನೋಡಿ ಮಿ.ಲೀ.ಗೆ 20,000 ಬೀಜಕಣ ಇರುವಂತೆ ಮಾಡಿ, ಎಲೆಯ ಎರಡೂ ಬದಿಗೆ ಬೀಳುವಂತೆ ಸಿಂಪಡಿಸಿ. ಆಮೇಲೆ ಸುಮಾರು 20 ಡಿಗ್ರಿಯಲ್ಲಿ, ಶೇ 95ಕ್ಕಿಂತ ಹೆಚ್ಚು ತೇವ ಇರುವ ಕತ್ತಲೆ ಕೋಣೆಯಲ್ಲಿ 16ರಿಂದ 18 ಗಂಟೆ ಇಡಬೇಕು. ಈ ಹೊತ್ತಿನಲ್ಲಿ ಎಲೆ ಒಂದು ಸಲ ಒಣಗಿದರೂ ಮೊಳೆತ ಬೀಜಕಣ ಅಲ್ಲೇ ಸಾಯುತ್ತದೆ. ಪ್ರತಿ ಟ್ರೇಯಲ್ಲೂ ರೋಗ ಖಂಡಿತ ಬರುವ ತಳಿಯ ಎರಡು ಸಸಿ ಇರಲಿ. ಅವಕ್ಕೇ ತುಕ್ಕು ಬಾರದಿದ್ದರೆ ಆ ಟ್ರೇಯ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

12ರಿಂದ 14 ದಿನಕ್ಕೆ ಎಲೆ ನೋಡಿ ಅಂಕ ಕೊಡಿ. ಏನೂ ಕಾಣದಿದ್ದರೆ 1, ಗುಳ್ಳೆಯಿಲ್ಲದ ಸತ್ತ ಚುಕ್ಕೆಯಾದರೆ 2, 0.3 ಮಿ.ಮೀ.ಗಿಂತ ಸಣ್ಣ ಗುಳ್ಳೆಗೆ 3, 0.8 ಮಿ.ಮೀ. ದಾಟಿದರೆ 6, ನಡುವಿನ ಗಾತ್ರಗಳಿಗೆ 4 ಮತ್ತು 5. ಮೂರರವರೆಗೆ ನಿರೋಧಕ. ಗೆರೆ ಇರುವ ಭೂತಗನ್ನಡಿ ಇಲ್ಲದೆ 3 ಮತ್ತು 4ನ್ನು ಬೇರ್ಪಡಿಸಲು ಹೋಗಬೇಡಿ.

ಸಸಿಗಳ ಲೆಕ್ಕಕ್ಕೆ ಬರೋಣ. ತುಕ್ಕು ತಡೆಯುವ ಜೀನ್‌ಗಳು ಹೆಚ್ಚಾಗಿ ಪ್ರಬಲ, ಅಂದರೆ ಒಂಟಿಯಾಗಿದ್ದರೂ ಗುಣ ತೋರುತ್ತವೆ. ತುಕ್ಕು ತಾಳದ ಮೂಲ ತಳಿಗೇ ಮರಳಿ ಸಂಕರಿಸಿದಾಗ (ಮರುಸಂಕರ) ಅರ್ಧದಷ್ಟು ಸಸಿಗಳಲ್ಲಿ ಅದು ಇರುತ್ತದೆ. ಒಂದಾದರೂ ಸಿಗಲೇಬೇಕೆಂದರೆ 5 ಸಸಿ ಶೇ 95ರ ಭರವಸೆ ಕೊಡುತ್ತದೆ, 7 ಸಸಿ ಶೇ 99ರದು. ನಂಜು (ವೈರಸ್) ತಡೆಯುವ ಬಿಸಿ-3 (bc-3) ಎಂಬಂಥ ದುರ್ಬಲ ಜೀನ್ ಆದರೆ ಕಥೆ ಬೇರೆ: ಅದು ಜೋಡಿಯಾದಾಗ ಮಾತ್ರ ಕಾಣುತ್ತದೆ, ಅಂದರೆ ನಾಲ್ಕರಲ್ಲೊಂದು. ಅಲ್ಲಿ ಇದೇ ಭರವಸೆಗೆ 11 ಮತ್ತು 17 ಸಸಿ ಬೇಕು. ಮೇಲಾಗಿ ಪ್ರತಿ ಮರುಸಂಕರದ ನಂತರ ಒಂದು ಪೀಳಿಗೆ ಸ್ವಪರಾಗಕ್ಕೆ ಬಿಡಬೇಕಾಗುತ್ತದೆ, ಇಲ್ಲವೇ ಜೀನ್ ಇದೆಯೇ ಎಂದು ತೋರುವ ಡಿಎನ್‌ಎ ಗುರುತಿನ (ಮಾರ್ಕರ್) ಪರೀಕ್ಷೆ ಮಾಡಿಸಬೇಕು. ಮೂರು ಮರುಸಂಕರ ಆದ ಮೇಲೆ ಸರಾಸರಿ ಶೇ 93.75 ಮೂಲ ತಳಿಯ ಗುಣ ಮರಳಿರುತ್ತದೆ. ನಿರೋಧಕ ಜೀನ್‌ಗೆ ಅಂಟಿಕೊಂಡ ತುಣುಕು ಮಾತ್ರ ಬೇಗ ಬಿಡುವುದಿಲ್ಲ, ಕಾಯಿಗೆ ನಾರು ಬಂದರೆ ಅದರ ಮೇಲೆ ಕಣ್ಣಿಡಿ.

ಎಫ್-2ರಲ್ಲಿ ಪಾರಾದ ಸಸಿಗಳಲ್ಲಿ ಮೂರಕ್ಕೆ ಎರಡು ಒಳಗೆ ರೋಗದ ಜೀನನ್ನೂ ಹೊತ್ತಿರುತ್ತವೆ. ಒಂದೊಂದು ಗಿಡದ ಬೀಜವನ್ನೂ ಬೇರೆ ಪೊಟ್ಟಣದಲ್ಲಿಟ್ಟು, 17 ಸಸಿ ಎಬ್ಬಿಸಿ ಮತ್ತೆ ಪರೀಕ್ಷಿಸಿ. ಒಂದಕ್ಕೆ ತುಕ್ಕು ಬಂದರೂ ಆ ಪೊಟ್ಟಣ ಕೈಬಿಡಿ. ಎಲ್ಲ ಬೀಜ ಬೆರೆಸಿಬಿಟ್ಟರೆ ಈ ಶೋಧನೆ ಸಾಧ್ಯವೇ ಇಲ್ಲ.

ಪ್ರಶ್ನೆ: ನಿರೋಧಕ ಎಂದು ಕೊಂಡ ತಳಿಗೂ ಮೂರನೇ ವರ್ಷ ತುಕ್ಕು ಬಂತು. ಬೀಜ ಕಲಬೆರಕೆಯೇ?

ಉತ್ತರ: ಇರಬಹುದು, ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಮಾತ್ರ ಬಂದಿದ್ದರೆ ಕಲಬೆರಕೆ ಎನ್ನಿ. ಎಲ್ಲ ಗಿಡಕ್ಕೂ ಒಂದೇ ಸಮನೆ ಬಂದಿದ್ದರೆ ಬದಲಾದದ್ದು ಶಿಲೀಂಧ್ರ.

ತುಕ್ಕಿನಲ್ಲಿ ಅನೇಕ ಪಂಗಡಗಳಿವೆ. 2002ರಲ್ಲಿ ಒಪ್ಪಿದ ಕ್ರಮದಂತೆ ಅವನ್ನು 12 ತಳಿಗಳ ಮೇಲೆ ಪರೀಕ್ಷಿಸುತ್ತಾರೆ: ಆರು ಆಂಡಿಸ್ ಮೂಲದವು, ಆರು ಮಧ್ಯ ಅಮೆರಿಕ ಮೂಲದವು. ಪ್ರತಿ ಗುಂಪಿನ ತಳಿಗಳಿಗೂ 1, 2, 4, 8, 16, 32 ಎಂಬ ಬೆಲೆ. ರೋಗ ಬಂದವುಗಳ ಬೆಲೆ ಕೂಡಿಸಿದರೆ ಪಂಗಡದ ಹೆಸರು. 20-3 ಎಂದರೆ ಮೊದಲ ಗುಂಪಿನಲ್ಲಿ 4ರ ಮಾಂಟ್‌ಕಾಮ್, 16ರ ಗೋಲ್ಡನ್ ಗೇಟ್ ವ್ಯಾಕ್ಸ್. ಎರಡನೆಯದರಲ್ಲಿ 1ರ ಗ್ರೇಟ್ ನಾರ್ದರ್ನ್ 1140, 2ರ ಅರೋರಾ ಸೋತವು ಎಂದರ್ಥ. ಅರೋರಾದಲ್ಲಿರುವುದು ತುಕ್ಕು ತಡೆಯುವ ಯುಆರ್-3 ಜೀನ್. ಅಮೆರಿಕದ ಅನೇಕ ತಳಿಗಳು ಅದನ್ನೇ ನೆಚ್ಚಿದ್ದವು. 2007ರಲ್ಲಿ ಮಿಶಿಗನ್‌ನಲ್ಲಿ 22-2, 2008ರಲ್ಲಿ ನಾರ್ತ್ ಡಕೋಟದಲ್ಲಿ 20-3 ಕಾಣಿಸಿಕೊಂಡು ಆ ಜೀನನ್ನು ಮುರಿದವು. ಎರಡೂ ಸಂಖ್ಯೆಯ ಕೊನೆಯ ಭಾಗದಲ್ಲಿ ಅರೋರಾದ 2 ಅಡಗಿದೆ, ಕೂಡಿಸಿ ನೋಡಿ.

ಆದ್ದರಿಂದ ಒಂದೇ ಜೀನ್ ನಂಬಿ ತಳಿ ಮಾಡುವುದನ್ನು ನಾವು ಒಪ್ಪುವುದಿಲ್ಲ. ಆಂಡಿಸ್ ಮೂಲದ ಯುಆರ್-4, ಮಧ್ಯ ಅಮೆರಿಕ ಮೂಲದ ಯುಆರ್-11, ಹೀಗೆ ಎರಡು ಕಡೆಯಿಂದ ಒಂದೊಂದಾದರೂ ಇರಬೇಕು. ತೊಡಕೊಂದಿದೆ: ಬಲವಾದ ಜೀನ್ ಒಂದಿದ್ದರೆ ಇನ್ನೊಂದು ಇದೆಯೋ ಇಲ್ಲವೋ ಸಿಂಪಡಣೆಯಿಂದ ಗೊತ್ತಾಗದು. ಡಿಎನ್‌ಎ ಮಾರ್ಕರ್ ನಿಜವಾಗಿ ಬೇಕಾಗುವುದು ಅಲ್ಲಿ. ಸದ್ಯಕ್ಕೆ ನೀವು ಹಳೆ ಬೆಳೆಯ ಕಸವನ್ನು ಹೊಲದಲ್ಲಿ ಉಳಿಸಬೇಡಿ, ಬೀನ್ಸ್ ಮೇಲೆ ಬೀನ್ಸ್ ಹಾಕಬೇಡಿ.

ಪ್ರಶ್ನೆ: ದಪ್ಪ ಕಾಳಿನ ರಾಜ್ಮಾಕ್ಕೂ ಸಣ್ಣ ಕಾಳಿನ ತಳಿಗೂ ಸಂಕರ ಮಾಡಿದೆ. ಮೊದಲ ಪೀಳಿಗೆಯ (ಎಫ್-1) ಸಸಿಗಳು ಗೇಣು ಎತ್ತರಕ್ಕೆ ಕುಳ್ಳಾಗಿ, ಹಳದಿಯಾಗಿ ನಿಂತವು. ಗೊಬ್ಬರ ಕೊರತೆಯೇ?

ಉತ್ತರ: ಅಲ್ಲ. ಸಣ್ಣ ಕಾಳಿನ ಮಧ್ಯ ಅಮೆರಿಕ ಮೂಲದ ಕೆಲವು ತಳಿಗಳಲ್ಲಿ ಡಿಎಲ್-1, ದಪ್ಪ ಕಾಳಿನ ಆಂಡಿಸ್ ಮೂಲದ ಕೆಲವುಗಳಲ್ಲಿ ಡಿಎಲ್-2 ಎಂಬ ಜೀನ್ ಇದೆ. ಬೇರೆ ಬೇರೆ ಇದ್ದಾಗ ತೊಂದರೆಯಿಲ್ಲ, ಒಂದೇ ಗಿಡದಲ್ಲಿ ಕೂಡಿದರೆ ಗಿಡ ಬೆಳೆಯುವುದಿಲ್ಲ. ಯೂರಿಯಾ ಸುರಿದು ಫಲವಿಲ್ಲ. ಇವೆರಡೂ ಜೀನ್ ಇಲ್ಲದ ಮೂರನೇ ತಳಿಗೆ ಮೊದಲು ಸಂಕರಿಸಿ, ಆ ಸಂತತಿಯಲ್ಲಿ ನಿರೋಧಕ ಗಿಡ ಆರಿಸಿ, ಆಮೇಲೆ ನಿಮಗೆ ಬೇಕಾದ ತಳಿಗೆ ದಾಟಿಸಿ.

ಪ್ರಶ್ನೆ: ಹಳದಿ ನಂಜಿಗೆ ಯಾವ ತಳಿ? ಅದರ ಬೀಜ ಎತ್ತಿಟ್ಟುಕೊಳ್ಳಬಹುದೇ?

ಉತ್ತರ: ಬಿಳಿ ನೊಣ ಹರಡುವ ಹಳದಿ ನಂಜಿಗೆ ಹೆಸರಘಟ್ಟದ ಅರ್ಕಾ ಅರ್ಜುನ್ ನೋಡಿ. ಬೀಜ ಧಾರಾಳವಾಗಿ ಎತ್ತಿಡಬಹುದು, ಸ್ವಪರಾಗದ ಬೆಳೆಯಾದ್ದರಿಂದ ತಳಿ ಕೆಡುವುದು ಕಡಿಮೆ. ತುಕ್ಕು ಬೀಜದಲ್ಲಿ ಬರುವುದಿಲ್ಲ. ಚಿಬ್ಬು ರೋಗ, ದುಂಡಾಣು ಅಂಗಮಾರಿ ಮತ್ತು ಸಾಮಾನ್ಯ ಮೊಸಾಯಿಕ್ ನಂಜು ಬರುತ್ತವೆ. ಹಾಗಾಗಿ ಬೀಜದ ಗಿಡಗಳನ್ನು ಹೂವಿನ ಸಮಯದಲ್ಲೇ ಗುರುತು ಮಾಡಿ, ಕಾಯಿಯಲ್ಲಿ ಕುಳಿಬಿದ್ದ ಕಂದು ಚುಕ್ಕೆ ಕಂಡರೆ ಆ ಗಿಡದ ಬೀಜ ಮುಟ್ಟಬೇಡಿ.