1898ರ ಬೆಂಗಳೂರಿನ ಪ್ಲೇಗ್ ಕಾಲದ ಒಂದು ಮನೆಯ ಕಾದಂಬರಿ ಬರೆಯಲು ಯಾವ ವಿವರ ಮುಖ್ಯ?
ಸೂರಿನಿಂದ ಸತ್ತು ಬಿದ್ದ ಒಂದು ಇಲಿಯಿಂದ ಶುರು ಮಾಡಿ. 'ಇಲಿ ಬಿತ್ತು' ಅಂದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರಾಚೆ ಬಯಲಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಎದ್ದ ಮಗುವನ್ನು ತಾಯಿ ಸೆರಗಲ್ಲಿ ಮುಚ್ಚಿಡುತ್ತಾಳೆ. ಗೊತ್ತಾದರೆ ರೋಗಿಗಳನ್ನು ಬೇರೆ ಇಡುವ ಕ್ಯಾಂಪಿಗೆ ಒಯ್ಯುತ್ತಾರಲ್ಲ! ಕಥೆಯ ಜೀವ ಇರುವುದು ಆ ಭಯದಲ್ಲೇ ಅಲ್ವಾ? ಹೆಣ ಹೊರಲು ನಾಲ್ಕು ಜನ ಸಿಗದ, ನೆಂಟರು ಬಾರದ ಸಾವಿಗೆ ಅಳುವುದು ಹೇಗೆ? ಇದಕ್ಕೆ ಜಾಸ್ತಿ ಪುಟ ಕೊಡಿ, ಅವಸರ ಬೇಡ.

ರೋಗ ಊರಿಗೆ ಬಂದದ್ದು ಆಗಸ್ಟ್‌ನಲ್ಲಿ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆಮೇಲೆ. ನಿಮ್ಮ ಕುಟುಂಬ ಅಲ್ಲಿಗೆ ಹೊರಟಾಗ, ಹಳೇ ಮನೆಯ ಖಾಲಿ ತೊಟ್ಟಿಲನ್ನು ಗಾಡಿಗೆ ಹಾಕುತ್ತದಾ, ಅಲ್ಲೇ ಬಿಡುತ್ತದಾ ಅಂತ ಯೋಚಿಸಿ.