ಪ್ರತಿ: ಗದ್ಯ ಕಾಪಿ ಬರೆಸಿದರೆ ನಿಬಂಧ ಸುಧಾರಿಸ್ತದೇನು?

ಜಮಖಂಡಿಯವರೇ, ಎಂಟನೇ ತರಗತಿ ಮಗಳಿಗೆ ದಿನಾ ಒಂದು ಪುಟ ಕಾಪಿ ಬರೆಸಿದ್ರ ನಿಬಂಧ ಸುಧಾರಿಸ್ತದೇನು ಅಂತ ಕೇಳೀರಿ. ಅಕ್ಷರ ದುಂಡಗಾಗ್ತಾವ, ಅಷ್ಟ. ಪುಟ ಬ್ಯಾಡ್ರಿ, ಎರಡು ಮೂರು ಸಾಲು ಸಾಕು. ವಾಕ್ಯದ ಕಟ್ಟು ಉಳಿಸಿ ಸಂಗತಿ ಬದಲಿಸಲಿ. ‘ಬಸ್ಸು ಬಂತು, ಜನ ಇಳಿದರು, ಅಪ್ಪ ಮಾತ್ರ ಇಳಿಯಲಿಲ್ಲ.’ ಇದೇ ಕಟ್ಟಿನ್ಯಾಗ ಆಕೆ ತನ್ನೂರಿಂದು ಬರೀಲಿ: ‘ಮೋಡ ಕಟ್ಟಿತು, ಗುಡುಗಿತು, ಮಳೆ ಮಾತ್ರ ಹನಿಯಲಿಲ್ಲ.’ ಆಮ್ಯಾಲೆ ಕೊನೇ ತುಂಡನ್ನ ಮೊದಲಿಗೆ ತಂದು ಗಟ್ಟಿಯಾಗಿ ಓದಿಸ್ರಿ. ಪೆಟ್ಟು ಎಲ್ಲಿ ಹೋತು ಅಂತ ಆಕಿಗೇ ತಿಳೀತದ.

ಕೂಡಲಸಂಗಮ ನಿಮ್ಮ ಬಾಗಲಕೋಟೆ ಜಿಲ್ಲೆದಾಗ ಅದ. ಬಸವಣ್ಣನವರ ಸಣ್ಣ ವಚನಗಳು ಇದಕ್ಕ ಹೇಳಿ ಮಾಡಿಸಿದಂಗ: ಎಷ್ಟೋ ಕಡೆ ಒಂದೇ ರಚನೆ ಮತ್ತ ಮತ್ತ ಬಂದು ಕೊನೀಗೆ ‘ಕೂಡಲಸಂಗಮದೇವಾ’ ಅನ್ನೋ ಅಂಕಿತದ ಕಡೆ ಹೊರಳ್ತದ. ಗೈಡಿನ ನಿಬಂಧ ಮಾತ್ರ ಮಾದರಿಗೆ ಕೊಡಬ್ಯಾಡ್ರಿ, ಅಲ್ಲಿ ಎಲ್ಲಾ ಸಾಲೂ ‘ಆಗಿದೆ’ ಅಂತನ ಮುಗೀತಾವ.